ಡೋಡೊ ಹಕ್ಕಿಯ ಚಿತ್ರಗಳು: ಸಂರಕ್ಷಣೆಯ ಪಾಠದಲ್ಲಿ ಚಿತ್ರವೂ ಒಂದು ಸಾಕ್ಷ್ಯ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆ
ಅವಧಿ: 2

ಹಿನ್ನೆಲೆ

ಅಳಿದ ಜೀವಿಗಳ ಪಾಠಕ್ಕೆ ಡೋಡೊ ಚಿತ್ರ ತೋರಿಸುವುದು ರೂಢಿ. ಇಚಿಲಂಪಾಡಿಯಲ್ಲಿ ಅಭ್ಯಾಸ ಬೋಧನೆಯ ವೇಳೆ, ಎಲ್ಲರಿಗೂ ಪರಿಚಿತವಾದ ದಪ್ಪ ಡೋಡೊ ಚಿತ್ರವನ್ನು ತೋರಿಸಿ "ಈ ಹಕ್ಕಿ ಏಕೆ ಅಳಿಯಿತು?" ಎಂದು ಕೇಳಲಾಯಿತು. ಹೆಚ್ಚಿನವರು ಬರೆದದ್ದು ಒಂದೇ: "ದಪ್ಪ ಇತ್ತು, ಓಡಲು ಆಗಲಿಲ್ಲ." ಕಾರಣವನ್ನು ಮಕ್ಕಳು ಚಿತ್ರದಿಂದಲೇ ಊಹಿಸಿದ್ದರು. ಆದ್ದರಿಂದ ಮುಂದಿನ ಅವಧಿಗೆ ಚಿತ್ರವನ್ನೇ ಪ್ರಶ್ನಿಸುವ ಪಾಠವನ್ನು ಯೋಜಿಸಲಾಯಿತು.

ವಿಷಯ ವಿವರಣೆ

ಡೋಡೊ ಮಾರಿಷಸ್ ದ್ವೀಪದಲ್ಲಿ ಮಾತ್ರ ಇದ್ದ, ಹಾರಲಾರದ ಹಕ್ಕಿ. ಪಾರಿವಾಳದ ಬಳಗಕ್ಕೆ ಸೇರಿದ್ದು. ನಮ್ಮ ನಿಕೋಬಾರ್ ದ್ವೀಪಗಳ ನಿಕೋಬಾರ್ ಪಾರಿವಾಳ ಅದರ ಹತ್ತಿರದ ಜೀವಂತ ಸಂಬಂಧಿ. 1598ರಲ್ಲಿ ಡಚ್ಚರು ಆ ದ್ವೀಪಕ್ಕೆ ಬಂದರು. ಡೋಡೊವನ್ನು ಕಂಡ ಕೊನೆಯ ದಾಖಲೆಗಳಲ್ಲಿ ಹೆಚ್ಚಿನವರು ಒಪ್ಪುವುದು 1662ರದ್ದು.

1. 1601ರಲ್ಲಿ ಮಾರಿಷಸ್‌ಗೆ ಬಂದ ಗೆಲ್ಡರ್‌ಲಾಂಡ್ ಎಂಬ ಡಚ್ ಹಡಗಿನ ದಿನಚರಿಯಲ್ಲಿ ಡೋಡೊವಿನ ರೇಖಾಚಿತ್ರಗಳಿವೆ. ಹಕ್ಕಿಯನ್ನು ದ್ವೀಪದಲ್ಲೇ ಕಂಡು ಬರೆದವು ಇವು.

2. ಸುಮಾರು 1625ರ ಮೊಗಲ್ ಚಿತ್ರವೊಂದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದದ್ದೆಂದು ವಿದ್ವಾಂಸರು ಹೇಳುತ್ತಾರೆ. ಸೂರತ್‌ನಲ್ಲಿ ಎರಡು ಡೋಡೊಗಳಿದ್ದವೆಂದು ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಬರೆದಿದ್ದಾನೆ. ಜೀವಂತ ಹಕ್ಕಿಯನ್ನು ನೋಡಿ ಬರೆದ ನಂಬಲರ್ಹ ಚಿತ್ರಗಳಲ್ಲಿ ಇದನ್ನು ಎಣಿಸುತ್ತಾರೆ.

3. ಅದೇ ದಶಕದಲ್ಲಿ ಯುರೋಪಿನ ರೂಲಾಂಟ್ ಸಾವೆರಿ ಹಲವು ಡೋಡೊ ಚಿತ್ರಗಳನ್ನು ಬರೆದ. ಲಂಡನ್ನಿನಲ್ಲಿರುವ ಅವನ ದಪ್ಪ ಡೋಡೊ ಬಹಳ ಪ್ರಸಿದ್ಧವಾಯಿತು. ಮುಂದಿನವರು ಹಕ್ಕಿಯನ್ನು ಕಾಣದೆ ಇಂಥ ಚಿತ್ರಗಳನ್ನೇ ನಕಲು ಮಾಡಿದರು. 1865ರಲ್ಲಿ 'ಆಲಿಸ್' ಕಥೆಗೆ ಜಾನ್ ಟೆನಿಯಲ್ ಬರೆದ ಡೋಡೊ ಈ ರೂಪವನ್ನು ಮನೆಮನೆಗೆ ತಲುಪಿಸಿತು.

4. ಅದೇ 1865ರಲ್ಲಿ ಮಾರಿಷಸ್‌ನ ಜೌಗು ನೆಲದಲ್ಲಿ ಡೋಡೊ ಮೂಳೆಗಳು ಸಿಕ್ಕವು. ವಿಜ್ಞಾನಿ ರಿಚರ್ಡ್ ಓವೆನ್ ಮೊದಲು ಆ ಮೂಳೆಗಳನ್ನು ಸಾವೆರಿಯ ಚಿತ್ರದ ಆಕಾರದೊಳಗೇ ಜೋಡಿಸಿದ. ಕೆಲವು ವರ್ಷಗಳ ಬಳಿಕ ಹೆಚ್ಚು ನೆಟ್ಟಗೆ ನಿಂತ ರೂಪಕ್ಕೆ ತಿದ್ದಿದ. ಇಂದಿನ ಅಧ್ಯಯನಗಳು ಡೋಡೊ ಅಷ್ಟು ದಪ್ಪವಿರಲಿಲ್ಲ ಎನ್ನುತ್ತವೆ.

ಚಟುವಟಿಕೆ

ಐದು ಮಕ್ಕಳ ಗುಂಪುಗಳು. ಮೊದಲನೆಯವರು ಊರ ಕೋಳಿಯ ಹುಂಜವೊಂದನ್ನು ಎರಡು ನಿಮಿಷ ನೋಡಿ ಚಿತ್ರ ಬರೆಯಬೇಕು. ಎರಡನೆಯವರು ಆ ಚಿತ್ರವನ್ನು ಮಾತ್ರ ನೋಡಿ, ಮೂರನೆಯವರು ಎರಡನೆಯದನ್ನು ಮಾತ್ರ ನೋಡಿ ಬರೆಯಬೇಕು. ಹೀಗೆ ಐದರ ತನಕ. ಕೊನೆಗೆ ಐದನ್ನೂ ಗೋಡೆಗೆ ಅಂಟಿಸಿ ಹೋಲಿಸಬೇಕು. ಹೋಲಿಸುವಾಗ ಒಬ್ಬ ವಿದ್ಯಾರ್ಥಿನಿ ಹೇಳಿದಳು: "ಬಾಲ ದೊಡ್ಡದಾಗುತ್ತಾ ಹೋಗಿದೆ ಟೀಚರ್, ಕಾಲಿನ ಮುಳ್ಳು ಕಾಣೆಯಾಗಿದೆ." ಕಣ್ಣಿಗೆ ಹೊಡೆಯುವುದು ನಕಲಿನಲ್ಲಿ ಹಿಗ್ಗುತ್ತದೆ, ಸಣ್ಣ ವಿವರ ಅಳಿಯುತ್ತದೆ ಎಂಬ ಮಾತನ್ನು ಶಿಕ್ಷಕರು ಹೇಳಬೇಕಾಗಲಿಲ್ಲ.

ಚರ್ಚೆ

"ಸತ್ತುಹೋದ ಹಕ್ಕಿಯ ಚಿತ್ರ ತಪ್ಪಾದರೆ ಯಾರಿಗೆ ನಷ್ಟ?" ಎಂದು ಒಬ್ಬ ಹುಡುಗ ಕೇಳಿದ. ಇಡೀ ಪಾಠದ ತಿರುಳು ಈ ಪ್ರಶ್ನೆಯಲ್ಲಿತ್ತು. ದಪ್ಪ, ಪೆದ್ದು ಹಕ್ಕಿಯ ಚಿತ್ರ ಅಳಿವಿನ ತಪ್ಪನ್ನು ಹಕ್ಕಿಯ ಮೇಲೆಯೇ ಹೊರಿಸುತ್ತದೆ. ನಡೆದದ್ದು ಬೇರೆ: ಡೋಡೊ ನೆಲದ ಮೇಲೆ ಗೂಡು ಕಟ್ಟುತ್ತಿತ್ತು; ಮನುಷ್ಯರೊಂದಿಗೆ ಬಂದ ಹಂದಿ, ಇಲಿ, ಮಂಗಗಳು ಮೊಟ್ಟೆಗಳಿಗೆ ಕಂಟಕವಾದವು; ಕಾಡೂ ನಾಶವಾಯಿತು. ಸಂರಕ್ಷಣೆಯ ಪಾಠದಲ್ಲಿ ಕಾರಣ ತಪ್ಪಿದರೆ ಪರಿಹಾರವೂ ತಪ್ಪುತ್ತದೆ.

ಮೌಲ್ಯಮಾಪನ

ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೊಡಲಾಯಿತು. ಹೆಚ್ಚಿನ ಉತ್ತರಗಳಲ್ಲಿ ಹಂದಿ, ಇಲಿ, ಮೊಟ್ಟೆ, ಕಾಡು ಎಂಬ ಪದಗಳು ಬಂದವು. ಆದರೂ ಕೆಲವರು "ದಪ್ಪ" ಎಂಬುದನ್ನು ಬಿಡಲಿಲ್ಲ. ಮೊದಲು ಕಂಡ ಚಿತ್ರದ ಹಿಡಿತ ಅಷ್ಟು ಬಲವಾದದ್ದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಡೋಡೊ ತೋರಿಸುವುದಾದರೆ ಸಾವೆರಿಯ ಚಿತ್ರದ ಪಕ್ಕದಲ್ಲಿ ಮನ್ಸೂರನದೆನ್ನುವ ಚಿತ್ರವನ್ನೂ ಇಡಿ. ಯಾವುದೇ ಜೀವಿಯ ಚಿತ್ರದ ಕೆಳಗೆ ಯಾರು ಬರೆದರು, ಯಾವಾಗ, ಏನನ್ನು ನೋಡಿ ಎಂಬ ಮೂರು ಸಾಲು ಬರೆಸಿ. ಇದಕ್ಕೆ ಐದು ನಿಮಿಷ ಸಾಕು. ಕಪ್ಪುಹಲಗೆ, ಸೀಮೆಸುಣ್ಣದ ಹೊರತು ಬೇರೆ ಉಪಕರಣ ಬೇಡ.