ಅನುಭವ ಮುಚ್ಚಿಡಬೇಡಿ, ಸಿಸ್ಟರ್

‘ನಿಮ್ಮ ಅನುಭವಕ್ಕೆ ತಕ್ಕ ಸಂಬಳ ನಮ್ಮಲ್ಲಿ ಆಗಲ್ಲ ಸಿಸ್ಟರ್.’ ಐಸಿಯುವಿನಲ್ಲಿ ಹದಿನೈದು ವರ್ಷ ದುಡಿದು ಇನ್‌ಚಾರ್ಜ್ ಆಗಿದ್ದವರು ಊರು ಬದಲಿಸಿ ಮತ್ತೆ ಕೆಲಸ ಹುಡುಕುವಾಗ ಕೇಳಿಸಿಕೊಳ್ಳುವ ಮಾತಿದು. ಆ ಜಾಗಕ್ಕೆ ಈಗಷ್ಟೇ ಜಿಎನ್‌ಎಂ ಮುಗಿಸಿದವರು ಕಡಿಮೆ ಸಂಬಳಕ್ಕೆ ಸಿಗುತ್ತಾರೆ. ನಾಲ್ಕು ಕಡೆ ಹೀಗಾದ ಮೇಲೆ ಹಿತೈಷಿಗಳು ಹೇಳುತ್ತಾರೆ: ‘ಬಯೋಡೇಟಾದಲ್ಲಿ ಎಂಎಸ್ಸಿ ಬರೀಬೇಡ, ಅನುಭವ ಐದೇ ವರ್ಷ ಅನ್ನು.’

ಈ ಬುದ್ಧಿಮಾತು ಕೇಳಬೇಡಿ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಜವಾನ ಹುದ್ದೆಯ ಪ್ರಕರಣ ನೋಡಿ. ಪದವೀಧರರು ಅರ್ಜಿ ಹಾಕುವಂತಿಲ್ಲ ಎಂದು ಪ್ರಕಟಣೆಯಲ್ಲೇ ಇತ್ತು. ಒಬ್ಬರು ಪದವಿ ಮುಚ್ಚಿಟ್ಟು ಆಯ್ಕೆಯಾದರು. ವಿಷಯ ಗೊತ್ತಾದಾಗ ಬ್ಯಾಂಕ್ ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಒಡಿಶಾ ಹೈಕೋರ್ಟಿನಲ್ಲಿ ಅವರು ಗೆದ್ದರು, ಆದರೆ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ನಿಂತಿತು. ಮಾಹಿತಿ ಬಚ್ಚಿಟ್ಟವರಿಗೆ ಹುದ್ದೆ ಕೇಳುವ ಹಕ್ಕಿಲ್ಲ ಎಂಬುದು ಅದರ ನಿಲುವು.

ಹಾಗಾದರೆ ಹೆಚ್ಚು ಓದಿದ್ದೇ ತಪ್ಪೇ? ಸರ್ಕಾರಿ ಹುದ್ದೆಯಾದರೆ ಉತ್ತರ ನೇಮಕಾತಿ ನಿಯಮದಲ್ಲಿರುತ್ತದೆ. ಕೇರಳ ಲೋಕಸೇವಾ ಆಯೋಗದ 2010ರ ಪ್ರಕರಣದಲ್ಲಿ, ಅಲ್ಲಿನ ನಿಯಮದ ಪ್ರಕಾರ, ಮೇಲಿನ ಪದವಿಯಲ್ಲಿ ಕೆಳಗಿನ ಅರ್ಹತೆಯೂ ಅಡಗಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ನಿಯಮ ಹಾಗೆ ಹೇಳದಿದ್ದರೆ ನ್ಯಾಯಾಲಯ ತಾನಾಗಿ ಊಹಿಸಲಾಗದು ಎಂದು 2018ರಲ್ಲಿ ಅದೇ ಕೋರ್ಟ್ ಹೇಳಿತು. ಅಧಿಸೂಚನೆಯನ್ನು ಸಾಲು ಬಿಡದೆ ಓದಿ. ‘ಜಿಎನ್‌ಎಂ ಅಥವಾ ತತ್ಸಮಾನ’ ಎಂಬಂಥ ಒಂದೆರಡು ಪದದಲ್ಲೇ ನಿಮ್ಮ ಹಣೆಬರಹ ಇರಬಹುದು.

ಖಾಸಗಿ ಆಸ್ಪತ್ರೆಯ ಮಾತು ಬೇರೆ. ಅನುಭವ ಹೆಚ್ಚಾಯಿತೆಂದು ಬೇಡವೆಂದರೆ, ಅದನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿ ಇಲ್ಲವೆಂದೇ ಹೇಳಬೇಕು. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಮಾತ್ರ. ಸಂಬಳದ ಮಾತು ಬಂದಾಗ ಮಾತ್ರ ಒಂದು ಆಧಾರ ಕೈಯಲ್ಲಿರಲಿ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದಿತು. ಅದು ಶಿಫಾರಸೇ ಹೊರತು ಕಾನೂನಲ್ಲ. ಆದರೂ ಎದುರಿಗೆ ಕೂತವರಿಗೆ ನೆನಪಿಸುವುದರಲ್ಲಿ ತಪ್ಪೇನಿಲ್ಲ.

ಹೊಸ ಕೆಲಸದ ಮೇಲೆ ಹಕ್ಕಿಲ್ಲದಿರಬಹುದು, ಹಳೆಯ ಕೆಲಸದ ಗಳಿಕೆಯ ಮೇಲೆ ಖಂಡಿತ ಇದೆ. ಅಲೆದಾಟದ ತಿಂಗಳುಗಳಲ್ಲಿ ಮನೆ ನಡೆಸುವುದು ಅದೇ. ಒಂದೇ ಕಡೆ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ ಬರಬೇಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ, ಸೇವೆ 12 ವರ್ಷ ಎನ್ನೋಣ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000. ಒಟ್ಟು 1,80,000 ರೂಪಾಯಿ. ನೀವಾಗಿಯೇ ರಾಜೀನಾಮೆ ಕೊಟ್ಟಿದ್ದರೂ ಇದು ನಿಮ್ಮದೇ, ಮೂವತ್ತು ದಿನದೊಳಗೆ ಕೈಸೇರಬೇಕು. ಸೇರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು.

ಪಿಎಫ್ ಹಣವನ್ನು ಆಸ್ಪತ್ರೆ ಬದಲಿಸಿದಾಗೆಲ್ಲ ತೆಗೆಯಬೇಡಿ, ಹೊಸ ಖಾತೆಗೆ ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ತುಂಡು ತುಂಡು ಸೇವೆಯೂ ಕೂಡಿಬರುತ್ತದೆ. ಪಿಎಫ್ ಪಾಸ್‌ಬುಕ್ ಇನ್ನೊಂದು ಉಪಕಾರ ಮಾಡುತ್ತದೆ: ಅನುಭವ ಪತ್ರ ಕೊಡಲು ಸತಾಯಿಸುವವರಿದ್ದರೆ, ನೀವು ಅಲ್ಲಿ ದುಡಿದದ್ದಕ್ಕೆ ಅದೂ ಒಂದು ಸಾಕ್ಷಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ವಿವರ ಜೊತೆಗಿರಲಿ. ಅನುಭವ ಪತ್ರವನ್ನು ಬಾಯಿಮಾತಲ್ಲಿ ಕೇಳದೆ ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕೇಳಿ.

ಅಸಲು ಸರ್ಟಿಫಿಕೇಟ್ ಹಿಡಿದಿಟ್ಟು ‘ಬಾಂಡ್ ದುಡ್ಡು ಕಟ್ಟಿ ತಗೊಂಡು ಹೋಗಿ’ ಎನ್ನುವ ಕಡೆಗಳಿವೆ. ಸರ್ಟಿಫಿಕೇಟ್ ಅಡವಿನ ಒಡವೆಯಲ್ಲ. ಬಾಂಡಿನಲ್ಲಿ ಎಷ್ಟೇ ಬರೆದಿರಲಿ, ಕರಾರು ಕಾಯಿದೆಯ 74ನೇ ಕಲಮಿನಡಿ ಸಿಗುವುದು ನ್ಯಾಯಯುತ ಪರಿಹಾರವಷ್ಟೇ. ಮೊದಲು ಲಿಖಿತ ಬೇಡಿಕೆ, ಆಮೇಲೆ ವಕೀಲರ ನೋಟಿಸ್.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.