ಏರ್ ಇಂಡಿಯಾ: ಒಂದು ರಾಷ್ಟ್ರೀಯ ವಿಮಾನಸಂಸ್ಥೆಯ ಏಳುಬೀಳು

ಹಡಗುಗಳು ತಮ್ಮ ತಮ್ಮ ದೇಶದ ಬಾವುಟವನ್ನು ಏರಿಸಿಕೊಂಡು ಸಮುದ್ರದಲ್ಲಿ ಸಂಚರಿಸುವುದು ಬಹು ಹಿಂದಿನಿಂದ ಬಂದ ಪದ್ಧತಿ. ಅದರಿಂದಲೇ 'ಧ್ವಜವಾಹಕ' ಎಂಬ ಮಾತು ವಿಮಾನಸಂಸ್ಥೆಗಳಿಗೂ ಅನ್ವಯವಾಯಿತು. ಒಂದು ರಾಷ್ಟ್ರದ ಪ್ರತಿನಿಧಿಯೆಂದು ಪರದೇಶಗಳಲ್ಲಿ ಗುರುತಿಸಲ್ಪಡುವ ವಿಮಾನಸಂಸ್ಥೆಯೇ ಆ ರಾಷ್ಟ್ರದ ಧ್ವಜವಾಹಕ. ಭಾರತದ ಮಟ್ಟಿಗೆ ಈ ಗೌರವವು ದೀರ್ಘಕಾಲ ಏರ್ ಇಂಡಿಯಾ ಸಂಸ್ಥೆಗೆ ಸಂದಿದೆ. ಖಾಸಗಿ ಉದ್ಯಮವಾಗಿ ಹುಟ್ಟಿ, ಸರ್ಕಾರದ ಸ್ವತ್ತಾಗಿ ಬೆಳೆದು, ಕೀರ್ತಿಯ ಶಿಖರವನ್ನೇರಿ, ಸಾಲದಲ್ಲಿ ಮುಳುಗಿ, ಕೊನೆಗೆ ಹುಟ್ಟಿದ ಮನೆಗೇ ಮರಳಿದ ಈ ಸಂಸ್ಥೆಯ ಚರಿತ್ರೆಯಲ್ಲಿ ವಿದ್ಯಾರ್ಥಿಗಳು ಅರಿಯಬೇಕಾದ ಸಂಗತಿಗಳು ಹಲವಿವೆ.

ಅಂಚೆಯ ಚೀಲದಿಂದ ಆರಂಭ

1929ರಲ್ಲಿ ಲಂಡನ್ನಿನಿಂದ ಕರಾಚಿಯವರೆಗೆ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ವಿಮಾನ ಸಂಚಾರವನ್ನು ಪ್ರಾರಂಭಿಸಿತು. ಆಕಾಶಮಾರ್ಗದಿಂದ ಶೀಘ್ರವಾಗಿ ಬಂದ ಅಂಚೆಯು ಕರಾಚಿಯಿಂದ ಮುಂದೆ ರೈಲಿನಲ್ಲಿ ನಿಧಾನವಾಗಿ ಸಾಗಬೇಕಾಗಿತ್ತು. ಈ ಕೊರತೆಯನ್ನು ನೀಗಿಸಲು ಮುಂದೆ ಬಂದವರು ಜೆ. ಆರ್. ಡಿ. ಟಾಟಾ ಮತ್ತು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ಅದೇ 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಪ್ರಪ್ರಥಮ ವಿಮಾನಚಾಲಕ ಪರವಾನೆಯನ್ನು ಪಡೆದವರು ಟಾಟಾ ಅವರೇ.

1932ರ ಅಕ್ಟೋಬರ್ 15ರಂದು ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲವನ್ನಿಟ್ಟುಕೊಂಡು ಕರಾಚಿಯಿಂದ ಏಕಾಕಿಯಾಗಿ ಹೊರಟು, ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಮುಂಬಯಿಯ ಜುಹು ನಿಲ್ದಾಣವನ್ನು ತಲುಪಿದರು. ಅಲ್ಲಿಂದ ಮುಂದೆ ವಿನ್ಸೆಂಟರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಅಂಚೆಯನ್ನು ಒಯ್ದರು. ಭಾರತದ ಮೊದಲ ನಿಯತ ವಿಮಾನಮಾರ್ಗಗಳಲ್ಲೊಂದರಲ್ಲಿ ಬಳ್ಳಾರಿಗೂ ಒಂದು ಸ್ಥಾನವಿತ್ತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಮಾರ್ಗವನ್ನು ತೋರುವ ರೇಡಿಯೋ ಸೌಲಭ್ಯ ಆಗ ಇರಲಿಲ್ಲ. ಕೆಳಗೆ ಕಾಣುವ ನದಿ, ಬೆಟ್ಟ, ರೈಲುಹಾದಿಗಳೇ ಚಾಲಕನಿಗೆ ದಾರಿದೀಪಗಳಾಗಿದ್ದವು. ಮಳೆಗಾಲದಲ್ಲಿ ಜುಹು ಮೈದಾನವು ಕೆಸರಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಪುಣೆಯಿಂದ ಸಂಚಾರ ನಡೆಯುತ್ತಿತ್ತು.

1938ರಲ್ಲಿ ಟಾಟಾ ಏರ್‌ಲೈನ್ಸ್ ಎಂಬ ಹೆಸರನ್ನು ಪಡೆದ ಈ ಉದ್ಯಮವು 1946ರ ಜುಲೈ 29ರಂದು ಏರ್ ಇಂಡಿಯಾ ಎಂಬ ಸಾರ್ವಜನಿಕ ಕಂಪನಿಯಾಯಿತು. ಬಾಬಿ ಕೂಕಾ ಅವರ ಕಲ್ಪನೆಯೂ ಉಮೇಶ್ ರಾವ್ ಅವರ ರೇಖೆಯೂ ಸೇರಿ, ಬಾಗಿ ನಮಸ್ಕರಿಸುವ 'ಮಹಾರಾಜ'ನು ಸಂಸ್ಥೆಯ ಲಾಂಛನವಾಗಿ ಮೂಡಿದ್ದೂ ಅದೇ ವರ್ಷ. 1948ರಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸ್ಥಾಪನೆಯಾದಾಗ ಭಾರತ ಸರ್ಕಾರವು ಅದರಲ್ಲಿ ಶೇಕಡಾ 49ರಷ್ಟು ಪಾಲನ್ನು ಪಡೆಯಿತು. ಆ ವರ್ಷದ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ಕಾನ್‌ಸ್ಟಲೇಷನ್ ವಿಮಾನವು ಕೈರೋ ಮತ್ತು ಜಿನೀವಾ ನಗರಗಳ ಮೂಲಕ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಸ್ವಾತಂತ್ರ್ಯ ದೊರೆತು ಒಂದು ವರ್ಷವೂ ತುಂಬದ ದೇಶವೊಂದು ತನ್ನದೇ ಹೆಸರಿನ ವಿಮಾನವನ್ನು ಹಿಂದಿನ ಆಳರಸರ ರಾಜಧಾನಿಗೆ ಕಳುಹಿಸಿದ ಆ ದಿನದ ಮಹತ್ವವನ್ನು ಊಹಿಸಿಕೊಳ್ಳಬಹುದು.

ರಾಷ್ಟ್ರೀಕರಣ ಮತ್ತು ಉನ್ನತಿ

ಯುದ್ಧಾನಂತರ ದೇಶದಲ್ಲಿ ಅನೇಕ ವಿಮಾನ ಕಂಪನಿಗಳು ತಲೆಯೆತ್ತಿದವು. ಆದರೆ ಅಷ್ಟು ಕಂಪನಿಗಳಿಗೆ ಸಾಲುವಷ್ಟು ಪ್ರಯಾಣಿಕರಿರಲಿಲ್ಲ. ಹಲವು ನಷ್ಟದಲ್ಲಿ ನರಳಿದವು. ಈ ಸ್ಥಿತಿಯಲ್ಲಿ ಸಂಸತ್ತು 1953ರಲ್ಲಿ ವಿಮಾನ ನಿಗಮಗಳ ಕಾಯಿದೆಯನ್ನು ಅಂಗೀಕರಿಸಿತು. ಅದೇ ವರ್ಷದ ಆಗಸ್ಟ್ 1ರಿಂದ ದೇಶದೊಳಗಿನ ಎಂಟು ಕಂಪನಿಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ನಿಗಮವೂ, ವಿದೇಶ ಸಂಚಾರಕ್ಕೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ನಿಗಮವೂ ಏರ್ಪಟ್ಟವು. ರಾಷ್ಟ್ರೀಕರಣವು ಟಾಟಾ ಅವರ ಮನಸ್ಸಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ಅಂದಿನ ಪ್ರಧಾನಿ ನೆಹರೂ ಅವರ ಸರ್ಕಾರದ ಕೋರಿಕೆಯಂತೆ ಅವರು ಏರ್ ಇಂಡಿಯಾದ ಅಧ್ಯಕ್ಷಸ್ಥಾನವನ್ನು ವಹಿಸಿಕೊಂಡು 1978ರವರೆಗೆ ಅದನ್ನು ನಡೆಸಿದರು. ಆಸ್ತಿಯು ತಮ್ಮದಾಗಿ ಉಳಿಯದಿದ್ದರೂ ಹೊಣೆಯು ತಮ್ಮದೇ ಎಂದು ಭಾವಿಸಿ ದುಡಿದುದು ಅವರ ಹಿರಿಮೆ. ಪ್ರಯಾಣ ಕಾಲದಲ್ಲಿ ಕಣ್ಣಿಗೆ ಬಿದ್ದ ಅತಿ ಸಣ್ಣ ಲೋಪವನ್ನೂ ಅವರು ಟಿಪ್ಪಣಿಯಲ್ಲಿ ಬರೆದು ಅಧಿಕಾರಿಗಳಿಗೆ ಕಳುಹಿಸುತ್ತಿದ್ದರು.

ಈ ಶ್ರದ್ಧೆಯ ಫಲವು ಬೇಗನೆ ಕಂಡುಬಂದಿತು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದವು. ಅದೇ ವರ್ಷದ ಮೇ 14ರಂದು ನ್ಯೂಯಾರ್ಕಿಗೆ ಸಂಚಾರ ಮೊದಲಾಯಿತು. 1962ರಲ್ಲಿ ಏರ್ ಇಂಡಿಯಾ ಜೆಟ್ ವಿಮಾನಗಳನ್ನಷ್ಟೇ ಉಳ್ಳ ಜಗತ್ತಿನ ಮೊದಲ ಸಂಸ್ಥೆಯೆನಿಸಿತು. 1971ರಲ್ಲಿ 'ಎಂಪರರ್ ಅಶೋಕ' ಎಂಬ ಮೊದಲ ಬೋಯಿಂಗ್ 747 ಭಾರತಕ್ಕೆ ಬಂದಿತು.

ರಾಷ್ಟ್ರೀಯ ಸಂಸ್ಥೆಯೊಂದರ ಬೆಲೆಯು ಲೆಕ್ಕಪುಸ್ತಕದಲ್ಲಿ ಮಾತ್ರ ಇರುವುದಿಲ್ಲ ಎಂಬುದಕ್ಕೆ 1990 ಸಾಕ್ಷಿ. ಆ ವರ್ಷದ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಭಾರತೀಯರು ದುಡಿಮೆಯನ್ನೂ ಗಳಿಕೆಯನ್ನೂ ಕಳೆದುಕೊಂಡು, ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿದರು. ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟಗಳನ್ನು ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದಿತು. ಇದು ಗಿನ್ನೆಸ್ ದಾಖಲೆಯ ಪುಸ್ತಕವನ್ನೂ ಸೇರಿತು.

ಒಂದು ಹಾರಾಟದ ಹಿಂದಿನ ವ್ಯವಸ್ಥೆ

ವಿಮಾನವು ಮನಬಂದಲ್ಲಿ ಹಾರಲಾರದು. 1944ರ ಡಿಸೆಂಬರ್‌ನಲ್ಲಿ ಚಿಕಾಗೋ ನಗರದಲ್ಲಿ ಆದ ಒಪ್ಪಂದದ ಪ್ರಕಾರ ಪ್ರತಿಯೊಂದು ರಾಷ್ಟ್ರವೂ ತನ್ನ ನೆಲದ ಮೇಲಿನ ಆಕಾಶಕ್ಕೆ ಒಡೆಯ. ವಿಮಾನಕ್ಕೂ ಮನುಷ್ಯನಂತೆಯೇ ರಾಷ್ಟ್ರೀಯತೆ ಉಂಟು. ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶಕ್ಕೆ ಅದು ಸೇರಿದುದು. ಭಾರತದ ವಿಮಾನಗಳ ಮೈಮೇಲೆ 'ವಿ.ಟಿ.' ಎಂಬ ಅಕ್ಷರಗಳಿರುವುದು ಈ ಕಾರಣದಿಂದ. ಪರದೇಶದ ಆಕಾಶವನ್ನು ದಾಟುವುದು, ಇಂಧನಕ್ಕಾಗಿ ಇಳಿಯುವುದು, ಪ್ರಯಾಣಿಕರನ್ನು ಇಳಿಸುವುದು, ಹತ್ತಿಸಿಕೊಳ್ಳುವುದು ಇವೆಲ್ಲವೂ ಬೇರೆ ಬೇರೆ ಹಕ್ಕುಗಳು. ದಾಟುವ ಹಕ್ಕೊಂದು ತಪ್ಪಿದರೂ ಸಂಸ್ಥೆಗೆ ನಷ್ಟವೇ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯುರೋಪು, ಅಮೆರಿಕಗಳಿಗೆ ಹೋಗುವ ಏರ್ ಇಂಡಿಯಾ ವಿಮಾನಗಳು ಸುತ್ತುಬಳಸಿನ ದಾರಿ ಹಿಡಿಯಬೇಕಾಯಿತು. ಹೊತ್ತೂ ಇಂಧನವೂ ಅಧಿಕವಾಗಿ ವ್ಯಯವಾದವು.

ಹೊರಡುವ ಮುನ್ನ ಹವಾಮಾನ, ಗಾಳಿಯ ದಿಕ್ಕು, ಹೊರೆಯ ತೂಕ ಇವುಗಳನ್ನು ಲೆಕ್ಕಹಾಕಿ ಮಾರ್ಗವನ್ನು ನಿರ್ಧರಿಸುತ್ತಾರೆ. ಇಂಧನವು ಗಮ್ಯಸ್ಥಾನಕ್ಕೆ ಸಾಕಾದರೆ ಸಾಲದು. ಅಲ್ಲಿ ಇಳಿಯಲಾಗದಿದ್ದಲ್ಲಿ ಇನ್ನೊಂದು ನಿಲ್ದಾಣಕ್ಕೆ ಹೋಗಲು ಬೇಕಾದಷ್ಟೂ, ಅದರ ಮೇಲೆ ಕಾದಿಟ್ಟ ಭಾಗವೂ ಇರಬೇಕು. ಆದರೆ ಅಗತ್ಯಕ್ಕಿಂತ ಹೆಚ್ಚು ತುಂಬಿದರೆ ಆ ತೂಕವನ್ನು ಹೊರುವುದಕ್ಕೇ ಮತ್ತಷ್ಟು ಇಂಧನ ವೆಚ್ಚವಾಗುತ್ತದೆ. ಪರವಾನೆ ಪಡೆದ ಎಂಜಿನಿಯರನು ಪರೀಕ್ಷಿಸಿ ಸಹಿ ಮಾಡಿದ ಹೊರತು ವಿಮಾನವು ನೆಲ ಬಿಡುವಂತಿಲ್ಲ. ಚಾಲಕರು ದುಡಿಯಬಹುದಾದ ಗಂಟೆಗಳಿಗೂ ಮಿತಿಯುಂಟು. ದೀರ್ಘ ಹಾರಾಟಗಳಲ್ಲಿ ನಾಲ್ವರು ಚಾಲಕರು ಸರದಿಯಂತೆ ವಿಶ್ರಾಂತಿ ಪಡೆಯುತ್ತಾರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕರೇ ಇದ್ದ ತಂಡವು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಎಲ್ಲಿಯೂ ನಿಲ್ಲದೆ ಬೆಂಗಳೂರನ್ನು ತಲುಪಿದ್ದು ಇಂತಹ ವ್ಯವಸ್ಥೆಯ ಒಂದು ಉಜ್ಜ್ವಲ ನಿದರ್ಶನ. ಈ ಎರಡು ನಗರಗಳ ನಡುವಣ ದೂರ ಸುಮಾರು 14,000 ಕಿಲೋಮೀಟರು.

ದುರಂತಗಳು ಕಲಿಸಿದ ಪಾಠ

ಈ ಚರಿತ್ರೆಯಲ್ಲಿ ಕಣ್ಣೀರಿನ ಪುಟಗಳೂ ಇವೆ. 1966ರ ಜನವರಿ 24ರಂದು 'ಕಾಂಚನಜಂಗಾ' ವಿಮಾನವು ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು, ವಿಜ್ಞಾನಿ ಹೋಮಿ ಭಾಭಾ ಅವರನ್ನೊಳಗೊಂಡು 117 ಮಂದಿ ಮೃತರಾದರು. 1985ರ ಜೂನ್ 23ರಂದು 'ಕನಿಷ್ಕ' ವಿಮಾನವು ಐರ್ಲೆಂಡಿನ ಸಮೀಪ ಸಮುದ್ರದ ಮೇಲೆ ಬಾಂಬಿನಿಂದ ಸಿಡಿದು 329 ಜನ ಅಸುನೀಗಿದರು. ಬಾಂಬಿದ್ದ ಪೆಟ್ಟಿಗೆಯನ್ನು ಕೆನಡಾದ ವ್ಯಾಂಕೂವರಿನಲ್ಲಿ ಒಪ್ಪಿಸಿದ್ದ ಮನುಷ್ಯನು ತಾನು ಮಾತ್ರ ವಿಮಾನವನ್ನು ಹತ್ತಿರಲಿಲ್ಲ. ಪ್ರಯಾಣಿಕನಿಲ್ಲದ ಪೆಟ್ಟಿಗೆಯು ಪ್ರಯಾಣಿಸಬಾರದು ಎಂಬ ನಿಯಮವನ್ನು ಜಗತ್ತು ಬಿಗಿಯಾಗಿ ಪಾಲಿಸತೊಡಗಿದ್ದಕ್ಕೆ ಈ ಘೋರ ಘಟನೆಯೇ ಮುಖ್ಯ ಪ್ರೇರಣೆ.

ಕರ್ನಾಟಕದ ನೆಲದಲ್ಲಿಯೂ ಇಂತಹ ದುರಂತ ಸಂಭವಿಸಿತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯಲ್ಲಿ ಓಡುದಾರಿಯ ಅರ್ಧಕ್ಕೂ ಹೆಚ್ಚು ಭಾಗವನ್ನು ದಾಟಿದ ಮೇಲೆ ನೆಲ ಮುಟ್ಟಿ, ಗುಡ್ಡದ ಅಂಚನ್ನು ಮೀರಿ ಕಣಿವೆಗೆ ಉರುಳಿತು. 158 ಮಂದಿ ಮೃತರಾದರು. ಬದುಕುಳಿದವರು ಎಂಟೇ ಜನ. ಇಳಿಯುವ ರೀತಿ ಸರಿಯಾಗಿಲ್ಲವೆಂದು, ಮರಳಿ ಮೇಲೇರಬೇಕೆಂದು ಕಿರಿಯ ಚಾಲಕನು ಎಚ್ಚರಿಸಿದ್ದನೆಂದೂ, ಹಿರಿಯ ಚಾಲಕನು ಪ್ರಯಾಣದ ಬಹುಭಾಗ ನಿದ್ರಿಸಿದ್ದು ಆಗತಾನೆ ಎಚ್ಚರಗೊಂಡಿದ್ದನೆಂದೂ ತನಿಖೆಯಿಂದ ತಿಳಿದುಬಂದಿತು. ಹಿರಿಯನ ತಪ್ಪನ್ನು ಹೇಳಲು ಕಿರಿಯನಿಗೆ ಧೈರ್ಯವಿರಬೇಕು, ಅದನ್ನು ಕೇಳಲು ಹಿರಿಯನಿಗೆ ವಿನಯವಿರಬೇಕು. ವಿಮಾನದ ಕೋಣೆಯಲ್ಲಿ ಈ ಎರಡರಲ್ಲಿ ಒಂದು ತಪ್ಪಿದರೂ ಅದರ ದಂಡವನ್ನು ತೆರುವವರು ಹಿಂದೆ ಕುಳಿತ ಅಮಾಯಕರು. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನವು ಮೇಲೇರಿದ ಕ್ಷಣಗಳಲ್ಲಿಯೇ ಕುಸಿದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಮಡಿದರು. ವಿಮಾನದಲ್ಲಿದ್ದವರಲ್ಲಿ ಉಳಿದವನು ಒಬ್ಬನೇ.

ಸಾಲದ ಹೊರೆ ಮತ್ತು ಮರಳಿ ಟಾಟಾ

1994ರಲ್ಲಿ ನಿಗಮಗಳ ಕಾಯಿದೆ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ಪೂರ್ಣವಾಗಿ ತೆರೆಯಿತು. 2003ರಲ್ಲಿ ಕನ್ನಡಿಗರಾದ ಕ್ಯಾಪ್ಟನ್ ಗೋಪಿನಾಥ್ ಅವರು ಬೆಂಗಳೂರಿನಿಂದ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ ಕಡಿಮೆ ದರದ ಪ್ರಯಾಣವನ್ನು ಸಾಮಾನ್ಯರಿಗೂ ನಿಲುಕಿಸಿದರು. ಇಂತಹ ಪೈಪೋಟಿಯ ದಿನಗಳಲ್ಲಿಯೇ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಎರಡೂ ಸೇರಿ ಸಾಲದ ಹಣದಿಂದ 111 ಹೊಸ ವಿಮಾನಗಳನ್ನು ಕೊಳ್ಳಲು ಮುಂದಾದವು. 2007ರಲ್ಲಿ ಅವೆರಡನ್ನೂ ಒಂದುಗೂಡಿಸಲಾಯಿತು. ಎರಡು ಸಂಸ್ಥೆಗಳ ವೇತನಕ್ರಮ, ಬಡ್ತಿಯ ನಿಯಮ, ವಿಮಾನಗಳ ಜಾತಿ, ಕಾರ್ಯಪದ್ಧತಿ ಎಲ್ಲವೂ ಬೇರೆಯಾಗಿದ್ದವು. ಕಾಗದದ ಮೇಲೆ ಆದ ಕೂಟವು ಮನಸ್ಸುಗಳಲ್ಲಿ ಆಗಲಿಲ್ಲ. ನಷ್ಟವು ವರ್ಷವರ್ಷಕ್ಕೂ ಬೆಳೆಯಿತು. ಅದನ್ನು ತುಂಬಿಕೊಟ್ಟದ್ದು ತೆರಿಗೆ ತೆತ್ತ ಪ್ರಜೆಗಳ ಹಣ. ಅವರಲ್ಲಿ ಬಹುಪಾಲು ಜನ ಜೀವಮಾನದಲ್ಲಿ ವಿಮಾನವನ್ನು ಹತ್ತಿದವರಲ್ಲ.

2018ರಲ್ಲಿ ಶೇಕಡಾ 76ರಷ್ಟು ಪಾಲನ್ನು ಮಾರಲು ಸರ್ಕಾರ ಯತ್ನಿಸಿದಾಗ ಕೊಳ್ಳುವವರೇ ಬರಲಿಲ್ಲ. 2021ರ ಆಗಸ್ಟ್ ಅಂತ್ಯಕ್ಕೆ ಸಾಲವು 61,562 ಕೋಟಿ ರೂಪಾಯಿಗಳಾಗಿತ್ತು. ಅದೇ ಅಕ್ಟೋಬರ್‌ನಲ್ಲಿ ಟಾಟಾ ಸಮೂಹವು 18,000 ಕೋಟಿ ರೂಪಾಯಿಗಳ ಬೆಲೆಯನ್ನು ಮುಂದಿಟ್ಟಿತು. ಅದರಲ್ಲಿ 15,300 ಕೋಟಿ ಸಾಲದ ಹೊಣೆ, 2,700 ಕೋಟಿ ನಗದು. 2022ರ ಜನವರಿ 27ರಂದು ಸಂಸ್ಥೆಯು ಮರಳಿ ಟಾಟಾ ವಶಕ್ಕೆ ಬಂದಿತು. 2024ರ ನವೆಂಬರ್‌ನಲ್ಲಿ ವಿಸ್ತಾರ ಸಂಸ್ಥೆಯು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸಿಂಗಪುರ್ ಏರ್‌ಲೈನ್ಸ್ ಶೇಕಡಾ 25.1ರಷ್ಟು ಪಾಲನ್ನು ಪಡೆಯಿತು.

ಉಪಸಂಹಾರ

ಸರ್ಕಾರದ ಒಡೆತನವೇ ಪತನಕ್ಕೆ ಕಾರಣವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಸಂಸ್ಥೆಯ ಅತ್ಯುನ್ನತ ಕೀರ್ತಿಯ ದಿನಗಳೂ ಸರ್ಕಾರದ ಒಡೆತನದಲ್ಲಿಯೇ ಕಳೆದವು; ಖಾಸಗಿ ಒಡೆತನ ಬಂದ ಮಾತ್ರಕ್ಕೆ ದುರಂತವು ದೂರವಾಗಲಿಲ್ಲ. ಒಡೆಯನು ಯಾರೆಂಬುದಕ್ಕಿಂತ ಹೊಣೆಯನ್ನು ಹೊತ್ತವನು ಯಾರೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. 1932ರಲ್ಲಿ ಒಂದು ಚೀಲದ ಕಾಗದಗಳನ್ನು ಹೊತ್ತು ಹೊರಟ ಚಾಲಕನಿಗೆ ಅವು ಯಾರ ಕಾಗದಗಳೆಂದು ತಿಳಿದಿರಲಿಲ್ಲ. ಅವುಗಳನ್ನು ಸುರಕ್ಷಿತವಾಗಿ ತಲುಪಿಸಬೇಕೆಂಬುದು ಮಾತ್ರ ತಿಳಿದಿತ್ತು. ಇಂದು ಚೀಲದ ಸ್ಥಾನದಲ್ಲಿ ನೂರಾರು ಜೀವಗಳಿವೆ. ಬಾಲದ ಮೇಲಿನ ಬಣ್ಣ ಎಷ್ಟು ಸಲ ಬದಲಾದರೂ ಆ ಕರ್ತವ್ಯವು ಬದಲಾಗದು. ಅದನ್ನು ದಿನದಿನವೂ ನೆರವೇರಿಸಿದಾಗಲೇ ಒಂದು ಸಂಸ್ಥೆಯು ದೇಶದ ಧ್ವಜವನ್ನು ಹೊರಲು ಯೋಗ್ಯವಾಗುತ್ತದೆ.