ಕಾರು ಓಡಾಡುವ ಸ್ಲ್ಯಾಬಿಗೆ ಯಾವ ಲೇಪನ?

ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಿಂತ ಕಾರಿನ ಬಾನೆಟ್ ಮೇಲೆ ಉಜ್ಜಿದರೂ ಹೋಗದ ಬಿಳಿ ಕಲೆಗಳು ಕಂಡರೆ ಮೇಲಿನ ಸ್ಲ್ಯಾಬ್ ಸೋರುತ್ತಿದೆ ಎಂದೇ ತಿಳಿಯಿರಿ. ಬಿರುಕಿನಲ್ಲಿ ಇಳಿದ ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿಕೊಂಡು ತೊಟ್ಟಿಕ್ಕುತ್ತದೆ. ಕಾರಿನದು ಸಣ್ಣ ನಷ್ಟ. ಅದೇ ನೀರಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಸೀಳುತ್ತದೆ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಸೊಸೈಟಿ ಸಮಿತಿಯ ಹೊಣೆ ಹೊತ್ತಿರುವ ಅಥವಾ ಕಾರ್ಖಾನೆಯ ಕಟ್ಟಡ ನೋಡಿಕೊಳ್ಳುವ ಕನ್ನಡಿಗರಿಗೆ ಈ ಮಾಹಿತಿ ನೆರವಾದೀತು.

ಮೊದಲು: ಮೇಲೆ ಓಡಾಡುವುದೇನು?

ಬ್ರ್ಯಾಂಡ್ ಹೆಸರು ಕೇಳುವ ಮುನ್ನ ಇದನ್ನು ಬರೆದಿಟ್ಟುಕೊಳ್ಳಿ. ಉತ್ತರಾಯಣದ ದಿನ ಗಾಳಿಪಟ ಹಾರಿಸಲು ಮನೆಮಂದಿಯೆಲ್ಲ ಏರುವ ತಾರಸಿಯ ಅಗತ್ಯವೇ ಬೇರೆ, ನೆಲಮಾಳಿಗೆಯ ಮೇಲೆ ದಿನವಿಡೀ ಕಾರು ತಿರುಗುವ ಪೋಡಿಯಂ ಸ್ಲ್ಯಾಬಿನ ಅಗತ್ಯವೇ ಬೇರೆ. ಗುಜರಾತಿನ ತಾರಸಿಗಳ ಚೀನಾ ಮೊಸಾಯಿಕ್, ಅಂದರೆ ಒಡೆದ ಪಿಂಗಾಣಿ ಚೂರುಗಳ ಹಾಸು, ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವುದರಲ್ಲಿ ನಿಸ್ಸೀಮ. ಅಹಮದಾಬಾದಿನಲ್ಲಿ ಬಾಲಕೃಷ್ಣ ದೋಶಿ ಕಟ್ಟಿದ ‘ಸಂಗಾತ್’ನ ಕಮಾನು ಛಾವಣಿಗಳನ್ನು ನೋಡಿದವರಿಗೆ ಇದು ಗೊತ್ತು. ಆದರೆ ಅದು ಟೈರಿನ ತಿರುವನ್ನು ತಾಳದು. ತಂಪಿಗೆಂದು ಬಳಿಯುವ ಬಿಳಿ ಅಕ್ರಿಲಿಕ್ ಬಣ್ಣವೂ ಅಷ್ಟೇ, ಕಾಲ್ನಡಿಗೆಗೆ ಸಾಕು. ಅದರ ಮೇಲೆ ಕಾರು ನಿಲ್ಲಿಸಿದರೆ ಓಡಿ ಬಂದ ಬಿಸಿ ಟೈರಿಗೆ ಅಂಟಿಕೊಂಡು ಕಿತ್ತು ಬರುತ್ತದೆ.

ದ್ವಿಚಕ್ರ ವಾಹನಗಳನ್ನು ಹಗುರವಾಗಿ ಎಣಿಸಬೇಡಿ. ಸ್ಕೂಟರಿನ ಸೈಡ್ ಸ್ಟ್ಯಾಂಡ್ ಅಂಗೈಗಿಂತ ಸಣ್ಣ ಜಾಗದ ಮೇಲೆ ಭಾರ ಹಾಕುತ್ತದೆ, ಬಿಸಿಲಿಗೆ ಮೆತ್ತಗಾದ ಪದರಕ್ಕೆ ಅಲ್ಲಿಯೇ ತೂತು ಬೀಳುತ್ತದೆ. ಪೋಡಿಯಂ ಮೇಲೆ ಅಗ್ನಿಶಾಮಕ ವಾಹನದ ದಾರಿಯಿದ್ದರೆ ಲೆಕ್ಕ ಇನ್ನೂ ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆ 45 ಟನ್‌ವರೆಗಿನ ವಾಹನದ ಮಾತಾಡುತ್ತದೆ. ಅಂಥ ಕಡೆ ಜಲನಿರೋಧಕ ಪದರವನ್ನು ಕೆಳಗಿಟ್ಟು ಅದರ ಮೇಲೆ ಕಾಂಕ್ರೀಟ್ ಹೊದಿಸುವುದೇ ಸರಿ. ತೆರೆದ ಲೇಪನ ನೆಚ್ಚಬೇಡಿ.

ಯಾವುದಕ್ಕೆ ಯಾವುದು?

ಬಿಸಿಲು ಬೀಳುವ ಕಾರ್ ಪಾರ್ಕಿಂಗ್‌ಗೆ ನನ್ನ ಮೊದಲ ಆಯ್ಕೆ ಪಾಲಿಯುರೆಥೇನ್ ಡೆಕ್ ಕೋಟಿಂಗ್. ಇದು ಒಂದು ಬಳಿತವಲ್ಲ, ನಾಲ್ಕು ಪದರಗಳ ವ್ಯವಸ್ಥೆ: ತಳಕ್ಕೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಿರುಕಿನೊಡನೆ ಹಿಗ್ಗುವ ರಬ್ಬರಿನಂಥ ಪದರ, ಆಮೇಲೆ ಸಿಲಿಕಾ ಮರಳು ಉದುರಿಸಿದ ಸವೆತದ ಪದರ, ಕೊನೆಗೆ ಬಿಸಿಲು ತಾಳುವ ಅಲಿಫ್ಯಾಟಿಕ್ ಟಾಪ್‌ಕೋಟ್. ದರ ಇಳಿಸಲು ಗುತ್ತಿಗೆದಾರ ಮೊದಲು ಕೈಬಿಡುವುದು ಈ ಕೊನೆಯದನ್ನು. 2016ರ ಮೇ 20ರಂದು 48 ಡಿಗ್ರಿ ಕಂಡ ಅಹಮದಾಬಾದಿನಲ್ಲಿ ಅದನ್ನು ಬಿಡುವ ಮಾತೇ ಇಲ್ಲ.

ಎಪಾಕ್ಸಿ ಗಟ್ಟಿ, ಆದರೆ ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತದೆ, ಬಿರುಕಿನೊಡನೆ ತಾನೂ ಬಿರಿಯುತ್ತದೆ. ಅದರ ಜಾಗ ನೆರಳಿನ ನೆಲಮಾಳಿಗೆ. ಪಾಲಿಯೂರಿಯಾ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ, ಬಹಳ ಬಾಳುತ್ತದೆ. ಆದರೆ ಬಿಸಿ ಸ್ಪ್ರೇ ಯಂತ್ರವೂ ನುರಿತ ಕೈಯೂ ಬೇಕು. ಬಿಟುಮೆನ್ ಶೀಟ್ ಮತ್ತು ಸಿಮೆಂಟ್ ಪಾಲಿಮರ್ ಲೇಪನಗಳು ಮೇಲೊಂದು ಹೊದಿಕೆ ಇದ್ದರಷ್ಟೇ.

ಮೂರೂ ಊರಿಗೆ ಒಂದೇ ಸೂತ್ರ ನಡೆಯದು. ವರ್ಷಕ್ಕೆ ಸುಮಾರು 1,200 ಮಿ.ಮೀ. ಮಳೆ ಬೀಳುವ ಸೂರತ್‌ನಲ್ಲಿ ತೇವ ಮತ್ತು ಕಡಲಿನ ಉಪ್ಪುಗಾಳಿ ಶತ್ರುಗಳು. ಅಲ್ಲಿನ ಬಟ್ಟೆ ಮಾರುಕಟ್ಟೆಗಳಲ್ಲಿ ಮಾಲು ತುಂಬಿದ ಟೆಂಪೊಗಳು ಹತ್ತಿಳಿಯುವ ರ್‍ಯಾಂಪ್‌ಗಳಿಗೆ ಸವೆತದ ಪದರ ಎರಡು ಸಲ ಬೇಕು. ಪೆಟ್ರೊಕೆಮಿಕಲ್ ಉದ್ಯಮದ ವಡೋದರಾದಲ್ಲಿ ಕಾರ್ಖಾನೆಯ ಅಂಗಳಕ್ಕೆ ರಾಸಾಯನಿಕ ಚೆಲ್ಲುತ್ತದೆಯೇ ಎಂದು ಕೇಳಿ. ಚೆಲ್ಲುವ ದ್ರವದ ಹೆಸರು ಮತ್ತು ಪ್ರಮಾಣ ಹೇಳಿ ತಯಾರಕರಿಂದ ಲಿಖಿತ ಖಾತರಿ ಪಡೆಯಿರಿ. ಗಟ್ಟಿ ಚಕ್ರದ ಫೋರ್ಕ್‌ಲಿಫ್ಟ್ ಓಡುವಲ್ಲಿ ಮೆದು ಲೇಪನ ಹರಿಯುತ್ತದೆ.

ತಳ ಕೆಟ್ಟರೆ ಎಲ್ಲವೂ ಕೆಟ್ಟಿತು

ಒಳ್ಳೆಯ ಮಾಲು ಹಾಳಾಗುವುದು ಹೆಚ್ಚಾಗಿ ಇಲ್ಲಿ. ಹೊಸ ಕಾಂಕ್ರೀಟಿಗೆ 28 ದಿನ ತುಂಬಿರಬೇಕು. ಮೇಲ್ಮೈಯ ಸಡಿಲ ಸಿಮೆಂಟ್ ಕೆನೆಯನ್ನು ಗ್ರೈಂಡರಿನಿಂದ ಉಜ್ಜಿ ತೆಗೆಸಿ. ಪೊರಕೆ ಮತ್ತು ನೀರು ಸಾಲದು. ನೀರು ನಿಲ್ಲುವ ತಗ್ಗುಗಳಿಗೆ ಮೊದಲೇ 100ಕ್ಕೆ 1ರಷ್ಟಾದರೂ ಇಳಿಜಾರು ಕೊಡಿಸಿ, ಏಕೆಂದರೆ ಲೇಪನ ಇಳಿಜಾರನ್ನು ತಿದ್ದುವುದಿಲ್ಲ. ಎಕ್ಸ್‌ಪಾನ್ಶನ್ ಜಾಯಿಂಟ್ ಮೇಲೆ ಲೇಪನ ಎಳೆದು ಮುಚ್ಚಿಬಿಡುವುದನ್ನು ಖಂಡಿತ ಒಪ್ಪಬೇಡಿ. ಅದಕ್ಕೆ ಪ್ರತ್ಯೇಕ ಜೋಡಣೆ ಇದೆ.

ತೇವ ನೋಡುವ ವಿಧಾನ ಸುಲಭ. ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಸ್ಲ್ಯಾಬಿಗೆ ಅಂಟಿಸಿ, ಕನಿಷ್ಠ 16 ತಾಸು ಬಿಡಿ. ತೆಗೆದಾಗ ಒಳಗೆ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಕೆಲಸ ಮುಂದೂಡಿ.

ಸಮಯದ ವಿಷಯಕ್ಕೆ ಬಂದರೆ, ಬೆಳಗ್ಗೆ ಬಳಿದರೆ ಬಿಸಿಲೇರಿದಂತೆ ಕಾಂಕ್ರೀಟಿನ ರಂಧ್ರದ ಗಾಳಿ ಹಿಗ್ಗಿ ಹಸಿ ಪದರದಲ್ಲಿ ಗುಳ್ಳೆ ಏಳಿಸುತ್ತದೆ. ಆ ಗುಳ್ಳೆ ಒಡೆದ ಸೂಜಿ ರಂಧ್ರವೇ ಮುಂದೆ ಸೋರುವ ದಾರಿ. ಸ್ಲ್ಯಾಬ್ ತಣಿಯತೊಡಗಿದ ಸಂಜೆಯೇ ಒಳ್ಳೆಯದು.

ದರಪತ್ರದಲ್ಲಿ ಏನಿರಬೇಕು?

‘ಎರಡು ಕೋಟ್’ ಎಂಬ ಮಾತಿಗೆ ಬೆಲೆಯಿಲ್ಲ. ಒಣಗಿದ ಮೇಲಿನ ದಪ್ಪ ಮಿಲಿಮೀಟರಿನಲ್ಲಿ ಬರೆದಿರಲಿ. ಒಂದು ಚದರ ಮೀಟರಿಗೆ ಒಂದು ಲೀಟರ್ ಹರಡಿದರೆ ಒಂದು ಮಿ.ಮೀ. ಹಸಿ ಪದರ. 500 ಚದರ ಮೀಟರಿಗೆ 1.5 ಮಿ.ಮೀ. ಪದರ ಬೇಕಿದ್ದರೆ, ಆವಿಯಾಗುವ ಅಂಶವೇ ಇಲ್ಲದ ಮಾಲಾದರೆ 750 ಲೀಟರ್. ಗಾತ್ರದಲ್ಲಿ ಕಾಲುಭಾಗ ಆವಿಯಾಗುವುದಾದರೆ 1,000 ಲೀಟರ್. ಖಾಲಿ ಡಬ್ಬಗಳನ್ನು ಸೈಟಿನಲ್ಲೇ ಇರಿಸಿ ಎಣಿಸಿ. ಹಲ್ಲುಹಲ್ಲಿನ ಸಣ್ಣ ತಗಡಿನ ಗೇಜ್ ಒಂದಿರುತ್ತದೆ, ಅದನ್ನು ಹಸಿ ಪದರಕ್ಕೆ ಒತ್ತಿದರೆ ಎಷ್ಟನೆಯ ಹಲ್ಲಿನವರೆಗೆ ಬಣ್ಣ ಹತ್ತಿದೆ ಎಂಬುದೇ ದಪ್ಪದ ಲೆಕ್ಕ.

ಅಂಟು ಎಷ್ಟಿದೆ ಎಂದು ತಿಳಿಯಲು ಪುಲ್-ಆಫ್ ಪರೀಕ್ಷೆ ಕೇಳಿ. ವಾಹನ ಓಡಾಡುವ ಹಿಗ್ಗುವ ಲೇಪನಕ್ಕೆ ಐರೋಪ್ಯ ಮಾನದಂಡ ಇಎನ್ 1504-2 ಸರಾಸರಿ ಪ್ರತಿ ಚದರ ಮಿ.ಮೀ.ಗೆ 1.5 ನ್ಯೂಟನ್ ಕೇಳುತ್ತದೆ. ಕೊನೆಯ ಹಣ ಕೊಡುವ ಮುನ್ನ ನೀರು ಹೋಗುವ ಕಿಂಡಿಗಳನ್ನು ಮುಚ್ಚಿ 48 ತಾಸು ನೀರು ನಿಲ್ಲಿಸಿ, ಕೆಳಗಿನಿಂದ ನೋಡಿ.

ದಿನ ಗೊತ್ತುಮಾಡುವಾಗ ಹಬ್ಬಗಳನ್ನೂ ನೋಡಿ. ದಾಹೋದ್ ಕಡೆಯ ಕೆಲಸಗಾರರು ಹೋಳಿಗೆ ಊರಿಗೆ ಹೋಗುತ್ತಾರೆ. ಪ್ರೈಮರ್ ಬಳಿದು ಅಷ್ಟು ದಿನ ಬಿಟ್ಟರೆ ಮೇಲಿನ ಪದರ ಹಿಡಿಯದು, ಮತ್ತೆ ಉಜ್ಜಬೇಕಾಗುತ್ತದೆ. ಏಪ್ರಿಲ್ ಕೊನೆಯೊಳಗೆ ಮುಗಿಯುವುದಿಲ್ಲ ಎನಿಸಿದರೆ ಈ ಮಳೆಗಾಲ ತಾಳಿಕೊಳ್ಳಿ. ದೀಪಾವಳಿ ಕಳೆದು, ಲಾಭ ಪಂಚಮಿಗೆ ಅಂಗಡಿಗಳು ಮತ್ತೆ ತೆರೆದ ಮೇಲೆ ಒಣ ಸ್ಲ್ಯಾಬಿನ ಮೇಲೆ ಕೆಲಸ ಶುರುಮಾಡಿಸಿ.